ಕೃಷಿ ಪದವಿ: ಸೇರುವ ಮುನ್ನ ಯೋಚಿಸಬೇಕಾದದ್ದು

ವೈದ್ಯಕೀಯ ಸೀಟು ಕೈತಪ್ಪಿದ ಮೇಲೆ ಕೃಷಿ ಪದವಿಯನ್ನು ನೆನೆಯುವ ವಿದ್ಯಾರ್ಥಿಗಳುಂಟು. ಆದರೆ ಈ ನಿರ್ಧಾರವನ್ನು ಫಲಿತಾಂಶದವರೆಗೆ ಮುಂದೂಡುವುದು ತರವಲ್ಲ.

ಬಿ.ಎಸ್ಸಿ. (ಆನರ್ಸ್) ಕೃಷಿ ನಾಲ್ಕು ವರ್ಷಗಳ ವ್ಯಾಸಂಗ. ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹಾಗೂ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಇದು ಲಭ್ಯ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅವರು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಬೆಳೆ, ಗೊಬ್ಬರ, ಉಪಕರಣಗಳ ಪರಿಚಯ ಅಲ್ಲಿ ಒರೆಗೆ ಬೀಳುತ್ತದೆ. ಆದ್ದರಿಂದ ಸಿಇಟಿ ಅರ್ಜಿ ತುಂಬುವ ವೇಳೆಗೇ ಮನಸ್ಸು ಗಟ್ಟಿಯಾಗಿರಬೇಕು, ದಾಖಲೆಗಳು ಸಿದ್ಧವಿರಬೇಕು.

ಮಣ್ಣುವಿಜ್ಞಾನ, ಬೇಸಾಯಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗ, ಕೃಷಿ ಅರ್ಥಶಾಸ್ತ್ರ ಪ್ರಮುಖ ವಿಷಯಗಳು. ಅಂತಿಮ ವರ್ಷದಲ್ಲಿ ಹಳ್ಳಿಯಲ್ಲಿ ತಂಗಿ ರೈತರೊಡನೆ ದುಡಿಯುವ ಗ್ರಾಮೀಣ ಕೃಷಿ ಕಾರ್ಯಾನುಭವವಿದೆ.

ಪದವೀಧರರು ಕೃಷಿ ಇಲಾಖೆಯ ಅಧಿಕಾರಿ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳಿಗೆ ಸ್ಪರ್ಧಿಸಬಹುದು. ಬೀಜ, ಗೊಬ್ಬರ ಕಂಪೆನಿಗಳಲ್ಲೂ ಅವಕಾಶವುಂಟು. ಆದರೆ ಸರ್ಕಾರಿ ನೇಮಕಾತಿ ವರ್ಷವರ್ಷವೂ ನಡೆಯುವ ಭರವಸೆಯಿಲ್ಲ.

ಸ್ವಂತ ಜಮೀನಿಗೆ ಮರಳುವ ಗುರಿಯಿದ್ದರೆ ಲೆಕ್ಕವೇ ಬೇರೆ. ಬೆಳೆ ಏಕೆ ಸೊರಗಿತು ಎಂಬುದನ್ನು ಪದವಿ ಕಲಿಸೀತು; ಕೊಳವೆಬಾವಿಗೆ ನೀರನ್ನೂ ಫಸಲಿಗೆ ಬೆಲೆಯನ್ನೂ ತಂದುಕೊಡಲಾರದು. ಜಮೀನು, ನೀರು, ಸಾಲ ಈ ಮೂರನ್ನೂ ಮನೆಯ ಹಿರಿಯರೊಂದಿಗೆ ಮುಕ್ತವಾಗಿ ಚರ್ಚಿಸಿದ ಬಳಿಕವೇ ಅರ್ಜಿ ತುಂಬುವುದು ಲೇಸು.