ಕಂಪ್ಯೂಟರಿನಲ್ಲಿ ಕನ್ನಡ ಲಿಪಿ

ಕನ್ನಡ ಲಿಪಿಯನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಮತ್ತು ಕೀಲಿಮಣೆಯಿಂದ ಊಡಿಸುವ ವ್ಯವಸ್ಥೆ. ಇದಕ್ಕೆ ಸಂಕೇತ, ಅಕ್ಷರಶೈಲಿ (ಫಾಂಟ್) ಮತ್ತು ಕೀಲಿಮಣೆ ವಿನ್ಯಾಸ ಎಂಬ ಮೂರು ಅಂಗಗಳಿವೆ.

ಸಂಕೇತ: ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಜಗತ್ತಿನ ಲಿಪಿಗಳಿಗೆ ಏಕರೂಪದ ಸಂಕೇತ ಕೊಡುವ, 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಕನ್ನಡಕ್ಕೆ ನೇರ ಬೆಂಬಲ ನೀಡಿತು.

ತೋರಿಕೆ: ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಿಲ್ಲ, ಬಿಡಿ ವ್ಯಂಜನಗಳನ್ನು ಅಕಾರ ತೆಗೆಯುವ ‘ವಿರಾಮ’ ಚಿಹ್ನೆ (್) ಬೆಸೆಯುತ್ತದೆ, ಫಾಂಟ್ ಒತ್ತನ್ನು ಬರೆಯುತ್ತದೆ. ರ, ವಿರಾಮ, ಯ ಸೇರಿದರೆ ‘ರ್ಯ’ ಎಂದು ಅರ್ಕಾವೊತ್ತು ಮೂಡುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು.

ಕೀಲಿಸುವಿಕೆ: ಕೆ.ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ ತಳಹದಿ. ಚಿತ್ರದುರ್ಗ ಜಿಲ್ಲೆಯ ಊರು ‘ಯಲ್ಲದಕೆರೆ’ಯ ಹೆಸರನ್ನು ಇದರಲ್ಲಿ ವೈ, ಎಲ್, ಎಫ್, ಎಲ್, ಡಿ, ಕೆ, ಇ, ಆರ್, ಇ ಎಂಬ ಒಂಬತ್ತು ಒತ್ತುಗಳಲ್ಲಿ ಬರೆಯಬಹುದು, ಇಲ್ಲಿ ‘ಎಫ್’ ಕೀಲಿಯೇ ವಿರಾಮ. ಶೇಷಾದ್ರಿವಾಸು ಅವರ ‘ಬರಹ’ (1998) ಲಿಪ್ಯಂತರದ ಕ್ರಮವನ್ನು ಜನಪ್ರಿಯಗೊಳಿಸಿತು. ಭಾರತೀಯ ಲಿಪಿಗಳಿಗೆ ಸಮಾನವಾದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವೂ ಬಳಕೆಯಲ್ಲಿದೆ.

ಹಳೆಯ ಫಾಂಟಿನ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದರೆ ಮಾತ್ರ ಅವುಗಳಲ್ಲಿನ ಕನ್ನಡ ಪದಗಳನ್ನು ಅಂತರ್ಜಾಲದಲ್ಲಿ ಹುಡುಕಲು ಸಾಧ್ಯ.