ಅಂತರ್ವಿಕಿರಣ ಚಿಕಿತ್ಸೆ ಮತ್ತು ಕಾಲದ ಸಾಕ್ಷ್ಯ: ಪ್ರಾಸ್ಟೇಟ್ ಕ್ಯಾನ್ಸರಿನ ಒಂದು ಚಾರಿತ್ರಿಕ ಅವಲೋಕನ

ಬೆಳಗಾವಿ ನಗರಕ್ಕೆ ಹೊಂದಿಕೊಂಡಿರುವ ಹಿಂಡಲಗಾ, ಅಲ್ಲಿನ ಕೇಂದ್ರ ಕಾರಾಗೃಹದಿಂದಾಗಿ ಹೊರನಾಡಿನಲ್ಲೂ ಪರಿಚಿತವಾದ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶವು ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಹೀಗಾಗಿ ಇಲ್ಲಿನ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸವನ್ನು ಬರೆಯುವವರು 1941ರಲ್ಲಿ ಮುಂಬಯಿಯಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯತ್ತ ಮೊದಲು ನೋಡಬೇಕಾಗುತ್ತದೆ. ಚಿಕಿತ್ಸೆಯು ಕ್ರಮೇಣ ಊರಿನ ಸಮೀಪಕ್ಕೆ ಬಂದಿತು. ಆದರೆ ಚಿಕಿತ್ಸೆ ದೊರೆಯುವುದು ಒಂದು ಸಂಗತಿ, ಅದರ ಫಲವನ್ನು ಅರಿಯುವುದು ಇನ್ನೊಂದು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ನೀಡುವ ಅಂತರ್ವಿಕಿರಣ ಚಿಕಿತ್ಸೆ, ಅಂದರೆ ಬ್ರಾಕಿಥೆರಪಿಯ ಚರಿತ್ರೆಯು ಈ ಭೇದವನ್ನು ಸ್ಪಷ್ಟಪಡಿಸುತ್ತದೆ.

1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದರು. 1910ರ ದಶಕದಲ್ಲಿ ಪ್ಯಾರಿಸ್ಸಿನ ಪಾಸ್ತೋ, ನ್ಯೂಯಾರ್ಕಿನ ಬ್ಯಾರಿಂಜರ್ ಮೊದಲಾದವರು ಪ್ರಾಸ್ಟೇಟ್ ಚಿಕಿತ್ಸೆಯಲ್ಲಿ ಅದನ್ನು ಬಳಸಿದರು. ವಿಕಿರಣದ ಮೂಲವನ್ನು ಗಂತಿಯ ಬಳಿಯಲ್ಲೇ ಇರಿಸಿದರೆ ಸುತ್ತಲಿನ ಅಂಗಗಳಿಗೆ ಹಾನಿ ಕಡಿಮೆ ಎಂಬುದು ಈ ವಿಧಾನದ ಮೂಲತತ್ತ್ವ. 1970ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ವಿಟ್‌ಮೋರ್ ಮತ್ತು ಸಂಗಡಿಗರು ಅಯೋಡಿನ್-125ರ ಸಣ್ಣ ಬೀಜಗಳನ್ನು ಶಸ್ತ್ರಕ್ರಿಯೆಯ ಮೂಲಕ ಗ್ರಂಥಿಯೊಳಗೆ ಶಾಶ್ವತವಾಗಿ ನೆಡುವ ಕ್ರಮವನ್ನು ಆರಂಭಿಸಿದರು. ಈ ಧಾತುವಿನ ಅರ್ಧಾಯುಷ್ಯ ಸುಮಾರು 60 ದಿನಗಳು. ಆದುದರಿಂದ ಬೀಜಗಳ ವಿಕಿರಣವು ಕೆಲವು ತಿಂಗಳುಗಳಲ್ಲಿ ಬಹುತೇಕ ಕ್ಷೀಣಿಸುತ್ತದೆ.

ಆರಂಭದ ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ 1970ರಿಂದ 1987ರವರೆಗೆ ಇದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ 1,078 ರೋಗಿಗಳ ದೀರ್ಘಕಾಲಿಕ ವಿಶ್ಲೇಷಣೆಯು 1997ರಲ್ಲಿ ಪ್ರಕಟವಾದಾಗ ಚಿತ್ರ ಬದಲಾಯಿತು. ಗ್ರಂಥಿಯಲ್ಲಿ ರೋಗ ಮರುಕಳಿಸದೆ ಉಳಿದವರ ಪ್ರಮಾಣವು 5 ವರ್ಷಗಳಲ್ಲಿ ಶೇ. 69, 10 ವರ್ಷಗಳಲ್ಲಿ ಶೇ. 44, 15 ವರ್ಷಗಳಲ್ಲಿ ಕೇವಲ ಶೇ. 24 ಆಗಿತ್ತು. ಕಣ್ಣಳತೆಯಿಂದ ನೆಟ್ಟ ಬೀಜಗಳು ಗ್ರಂಥಿಯಲ್ಲಿ ಸಮನಾಗಿ ಹರಡದೆ, ಕೆಲವು ಭಾಗಗಳಿಗೆ ಸಾಕಷ್ಟು ವಿಕಿರಣ ತಲಪದಿದ್ದುದು ಇದಕ್ಕೆ ಪ್ರಮುಖ ಕಾರಣ. ಐದು ವರ್ಷಗಳಿಗೇ ಲೆಕ್ಕ ಮುಗಿಸಿದ್ದರೆ ಈ ದೋಷ ಪೂರ್ಣವಾಗಿ ಗೋಚರಿಸುತ್ತಿರಲಿಲ್ಲ.

1983ರಲ್ಲಿ ಡೆನ್ಮಾರ್ಕಿನ ಹೋಮ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಬಿಂಬವನ್ನು ನೋಡುತ್ತ ಸೂಜಿಗಳ ಮೂಲಕ ಬೀಜ ನೆಡುವ ತಂತ್ರವನ್ನು ವಿವರಿಸಿದರು. ಅದನ್ನು ಅಮೆರಿಕದ ಸಿಯಾಟಲಿನಲ್ಲಿ ರಾಗ್ಡೆ ಮತ್ತು ಬ್ಲಾಸ್ಕೊ 1985ರಿಂದ ಅಳವಡಿಸಿಕೊಂಡರು. ಅಲ್ಲಿ 1988ರಿಂದ 1992ರವರೆಗೆ ಚಿಕಿತ್ಸೆ ಪಡೆದ 215 ರೋಗಿಗಳ 15 ವರ್ಷಗಳ ಫಲಿತಾಂಶವು 2011ರಲ್ಲಿ ಪ್ರಕಟವಾಯಿತು. ರಕ್ತದಲ್ಲಿನ ಪಿ.ಎಸ್.ಎ. ಪ್ರೊಟೀನಿನ ಅಳತೆಯ ಪ್ರಕಾರ ರೋಗ ಮರುಕಳಿಸದವರು ಒಟ್ಟಾರೆ ಶೇ. 80.4, ಕಡಿಮೆ ಅಪಾಯದ ಗುಂಪಿನಲ್ಲಿ ಶೇ. 85.9, ಹೆಚ್ಚು ಅಪಾಯದ ಗುಂಪಿನಲ್ಲಿ ಶೇ. 62.2. ಹಳೆಯ ಮತ್ತು ಹೊಸ ಅಧ್ಯಯನಗಳ ರೋಗಿಗಳೂ ಅಳತೆಗೋಲುಗಳೂ ಭಿನ್ನವಾದುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ತಂತ್ರದ ಸುಧಾರಣೆ ಸಾರ್ಥಕವಾಯಿತೆಂಬುದು ನಿರ್ವಿವಾದ.

ಮೂತ್ರವಿಸರ್ಜನೆಯ ತೊಂದರೆ, ಗುದನಾಳದ ಉರಿತ, ಲೈಂಗಿಕ ಶಕ್ತಿಯ ಕುಂದು ಇವು ಈ ಚಿಕಿತ್ಸೆಯ ಪರಿಣಾಮಗಳಾಗಿ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಇದಲ್ಲದೆ, ಪ್ರಾರಂಭಾವಸ್ಥೆಯ ರೋಗಿಗಳೆಲ್ಲರಿಗೂ ತಕ್ಷಣ ಚಿಕಿತ್ಸೆ ಅಗತ್ಯವೇ ಎಂಬ ಪ್ರಶ್ನೆಯೂ ಉಂಟು. 1,643 ಪುರುಷರನ್ನು ಒಳಗೊಂಡ ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನವು ಶಸ್ತ್ರಕ್ರಿಯೆ, ಬಾಹ್ಯ ವಿಕಿರಣ, ಸಕ್ರಿಯ ನಿಗಾ ಎಂಬ ಮೂರು ಮಾರ್ಗಗಳನ್ನು ಹೋಲಿಸಿತು. 2023ರಲ್ಲಿ ಪ್ರಕಟವಾದ ಅದರ 15 ವರ್ಷಗಳ ವರದಿಯ ಪ್ರಕಾರ ಈ ರೋಗದಿಂದ ಮೃತರಾದವರು ಸುಮಾರು ಶೇ. 3ರಷ್ಟು ಮಾತ್ರ, ಮೂರೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅಂತರ್ವಿಕಿರಣವು ಈ ಹೋಲಿಕೆಯಲ್ಲಿ ಸೇರಿರಲಿಲ್ಲವಾದರೂ ಅದರ ಫಲವನ್ನು ತೂಗುವಾಗ ಈ ಹಿನ್ನೆಲೆ ಅಗತ್ಯ.

ಕರ್ನಾಟಕದ ಮಟ್ಟಿಗೆ 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಮಹತ್ತ್ವದ ಘಟ್ಟ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯೂ ಪ್ರಾರಂಭವಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರವು ಕಣ್ಣು ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳಿಗಾಗಿ ಅಯೋಡಿನ್-125ರ ಬೀಜಗಳನ್ನು ದೇಶದಲ್ಲೇ ರೂಪಿಸಿತು. ಬೆಳಗಾವಿಯಲ್ಲಿ 1963ರಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. 2025ರ ಜನವರಿಯಲ್ಲಿ ಇದೇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು.

ಹೀಗೆ ಹಿಂಡಲಗಾ, ಖಾನಾಪುರಗಳ ರೋಗಿಗೆ ಆಸ್ಪತ್ರೆಯ ದೂರ ಕಡಿಮೆಯಾಗಿದೆ. ಆದರೆ 5 ವರ್ಷಗಳ ಶೇ. 69ಕ್ಕೂ 15 ವರ್ಷಗಳ ಶೇ. 24ಕ್ಕೂ ನಡುವಿನ ಅಂತರ ತಿಳಿದದ್ದು ರೋಗಿಗಳನ್ನು ದೀರ್ಘಕಾಲ ಅನುಸರಿಸಿ ವಿವರಗಳನ್ನು ದಾಖಲಿಸಿದ್ದರಿಂದ. ಊರು ಬದಲಿಸಿದವರನ್ನೂ ತಪಾಸಣೆಗೆ ಬರುವುದನ್ನು ನಿಲ್ಲಿಸಿದವರನ್ನೂ ಹುಡುಕಿ ವಿಚಾರಿಸುವ ವ್ಯವಸ್ಥೆಯು ಯಂತ್ರದಷ್ಟೇ ಚಿಕಿತ್ಸೆಯ ಅಂಗ. ಇಂದು ಬರೆದಿಡುವ ಪ್ರತಿಯೊಂದು ರೋಗಿಯ ಕಡತವೂ ಮುಂದಿನ ತಲೆಮಾರಿನ ವೈದ್ಯನಿಗೆ ನಿರ್ಣಯದ ಆಧಾರವಾಗುತ್ತದೆ.