ಒಂದು ರೋಲು, ನಾಲ್ಕೂವರೆ ಜಿಬಿ

ಚಿಕ್ಕಪ್ಪನ ಟ್ರಂಕಿನಲ್ಲಿದ್ದ ನೆಗೆಟಿವ್‌ಗಳನ್ನು ಹೋದ ಯುಗಾದಿಗೆ ಊರಿಂದ ತಂದೆ. ಗೆಳೆಯನ ಫಿಲ್ಮ್ ಸ್ಕ್ಯಾನರ್ ಇಸ್ಕೊಂಡು, 4000 ಡಿಪಿಐ, 16 ಬಿಟ್ ಅಂತ ಗತ್ತಿನಲ್ಲಿ ಸೆಟ್ ಮಾಡಿ ಕೂತೆ. ಎರಡು ರೋಲ್ ಮುಗಿಯೋ ಹೊತ್ತಿಗೆ ಲ್ಯಾಪ್‌ಟಾಪ್ ಜಾಗ ಇಲ್ಲ ಅಂತು. ಲೆಕ್ಕ ಮೊದಲೇ ಹಾಕಬೇಕಿತ್ತು. 36 × 24 ಮಿ.ಮೀ. ಫ್ರೇಮು ಸುಮಾರು 5670 × 3780 ಪಿಕ್ಸೆಲ್ ಆಗುತ್ತೆ. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, ಅಂಕಿಗೆ ಎರಡು ಬೈಟ್. ಫೋಟೋಗೆ 128 ಎಂಬಿ. 36 ಫೋಟೋದ ರೋಲಿಗೆ ನಾಲ್ಕೂವರೆ ಜಿಬಿಗೂ ಮೇಲೆ.

ಈ ತಲೆನೋವು ಹಳೇದು. 1992ರಲ್ಲಿ ಕೊಡಾಕ್ ಕಂಪನಿ ಫೋಟೋ ಸಿಡಿ ಮಾರುಕಟ್ಟೆಗೆ ತಂದಾಗ ಒಂದು ಫ್ರೇಮಿಗೆ 3072 × 2048 ಪಿಕ್ಸೆಲ್. ಹಾಗೇ ಇಟ್ಟರೆ 18 ಎಂಬಿ, ಅಂದ್ರೆ 650 ಎಂಬಿಯ ಸಿಡಿಗೆ ಒಂದೇ ರೋಲು! ನಮ್ಮ ಕಣ್ಣು ಬೆಳಕಿನ ವ್ಯತ್ಯಾಸ ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಗುರುತಿಸಲ್ಲ. ಆದ್ದರಿಂದ ಅವರು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ, ಬಣ್ಣದ ವಿವರ ಕಡಿಮೆ ಮಾಡಿ, ಸಿಡಿಗೆ ನೂರರಷ್ಟು ಫೋಟೋ ತುಂಬಿದರು. ಆದರೆ ಫಾರ್ಮ್ಯಾಟಿನ ಒಳಗುಟ್ಟು ಬಿಟ್ಟುಕೊಡಲಿಲ್ಲ. ಇವತ್ತು ಆ ಸಿಡಿ ಸಿಕ್ಕಿದರೆ ಸರಿಯಾಗಿ ತೆರೆಯೋ ಸಾಫ್ಟ್‌ವೇರ್ ಹುಡುಕೋದೇ ಒಂದು ಕೆಲಸ.

ಅದೇ 1992ರಲ್ಲಿ ಜೆಪೆಗ್ ಮಾನದಂಡ ಬಂತು. ಅದು ಎಲ್ಲರಿಗೂ ಮುಕ್ತವಾಗಿತ್ತು, ಉಳಿದುಕೊಂಡಿತು. ಅದರ ಹೊಟ್ಟೆಯೊಳಗಿರೋ ಗಣಿತ ಮಾತ್ರ ಇನ್ನೂ ಹಳೆಯದು, ಮತ್ತು ಅದರ ಬೇರು ನಮ್ಮೂರಲ್ಲೇ ಇದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ನಾವು ಈಗ ಯುವಿಸಿಇ ಅನ್ನೋ ಕೆ.ಆರ್. ಸರ್ಕಲ್‌ನ ಕಾಲೇಜಿನಲ್ಲಿ 1961ರಲ್ಲಿ ಬಿಇ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಕಾನ್ಸಾಸ್‌ನಲ್ಲಿ ಪಾಠ ಮಾಡ್ತಿದ್ದಾಗ, ಕೊಸೈನ್ ಅಲೆಗಳಿಂದ ಚಿತ್ರವನ್ನು ಕುಗ್ಗಿಸಬಹುದು ಅಂತ ಹೊಳೆದು, ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ವಿಚಾರ ತೀರಾ ಸರಳ ಅಂತ ಪರಿಶೀಲಕರೊಬ್ಬರಿಗೆ ಅನ್ನಿಸಿತಂತೆ, ದುಡ್ಡು ಬರಲಿಲ್ಲ. ಅವರು ಬಿಡಲಿಲ್ಲ. ವಿದ್ಯಾರ್ಥಿ ಟಿ. ನಟರಾಜನ್, ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಕೆಲವೇ ಪುಟ. ಕಾಲೇಜಲ್ಲಿ ಡಿಸಿಟಿ ಉರು ಹೊಡೆದು ಪಾಸಾದ ನನಗೆ ಅದು ಇವರದ್ದು ಅಂತ ಯಾರೂ ಹೇಳಿರಲಿಲ್ಲ.

ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತೆ. ಪ್ರತಿ ಚೌಕವನ್ನೂ ನಿಧಾನವಾಗಿ ಬದಲಾಗುವ ಅಲೆ, ಚಕಚಕ ಬದಲಾಗುವ ಅಲೆ ಅಂತ ವಿಂಗಡಿಸಿ, ಚಕಚಕ ಅಲೆಗಳನ್ನು ಒರಟಾಗಿ ಪೂರ್ಣಾಂಕಕ್ಕೆ ತರುತ್ತೆ. ಎಷ್ಟೋ ಅಂಕಿ ಸೊನ್ನೆಯಾಗುತ್ತವೆ. 128 ಎಂಬಿ ಹತ್ತು ಎಂಬಿಗೆ ಇಳಿಯೋದು ಹೀಗೆ.

ಫಿಲ್ಮಿಗೆ ಮಾತ್ರ ಇಲ್ಲೊಂದು ತೊಡಕಿದೆ. ಫಿಲ್ಮಿನ ಗ್ರೇನ್ ಅಂದ್ರೆ ಚಕಚಕ ಬದಲಾಗುವ ವಿವರವೇ, ಮೊದಲ ಏಟು ಅದಕ್ಕೇ. ಏನೂ ಕಳೆಯದೆ ಕುಗ್ಗಿಸೋಣ ಅಂದ್ರೆ, ಗ್ರೇನಿಗೆ ಕ್ರಮವೇ ಇಲ್ಲ, ಕ್ರಮ ಇಲ್ಲದ್ದು ಕುಗ್ಗೋದೂ ಇಲ್ಲ. 16 ಬಿಟ್‌ನ ಟಿಫ್ ಫೈಲಿಗೆ ಎಲ್‌ಜಡ್‌ಡಬ್ಲ್ಯೂ ಕಂಪ್ರೆಶನ್ ಹಾಕಿದರೆ ಫೈಲ್ ಕೆಲವೊಮ್ಮೆ ದೊಡ್ಡದೇ ಆಗುತ್ತೆ, ನಾನೇ ನೋಡಿ ನಕ್ಕಿದ್ದೀನಿ. ಇನ್ನು ಸಾಮಾನ್ಯ ಜೆಪೆಗ್‌ನಲ್ಲಿ ಬಣ್ಣಕ್ಕೆ 8 ಬಿಟ್ ಅಷ್ಟೇ. ಕಲರ್ ನೆಗೆಟಿವ್‌ನ ಕಾಂಟ್ರಾಸ್ಟ್ ಮೊದಲೇ ಕಮ್ಮಿ, ಪಾಸಿಟಿವ್ ಮಾಡುವಾಗ ಅದನ್ನು ಎಳೆದು ಹಿಗ್ಗಿಸಬೇಕು. 8 ಬಿಟ್‌ನಲ್ಲಿ ಎಳೆದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತೆ.

ಅದಕ್ಕೇ ನಾನು ಎಲ್ಲವನ್ನೂ 16 ಬಿಟ್‌ನಲ್ಲೇ ಸ್ಕ್ಯಾನ್ ಮಾಡಿ, ಬಣ್ಣ ಸರಿಮಾಡಿ, ಆಮೇಲೆ ಜೆಪೆಗ್‌ಗೆ ಇಳಿಸ್ತೀನಿ. ತೇರಿನ ಜನಜಂಗುಳಿ, ಯಾರದ್ದೋ ಮದುವೆಯ ಊಟದ ಸಾಲು, ಇವುಗಳಿಗೆ ಜೆಪೆಗ್ ಸಾಕು. ಬೇಕಾದರೆ ನೆಗೆಟಿವ್ ಇದೆಯಲ್ಲ, ಮತ್ತೆ ಸ್ಕ್ಯಾನ್ ಮಾಡಿದರಾಯ್ತು ಅಂತ ಧೈರ್ಯ. ಆದರೆ ಅಜ್ಜಿ ಜಗಲಿ ಮೇಲೆ ಕೂತಿರೋ ಪಟ್ಟಿ ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಅಸಿಟೇಟ್ ಫಿಲ್ಮ್ ಕೊಳೆಯೋಕೆ ಶುರುವಾದಾಗ ಬರೋ ವಾಸನೆ ಅದು. ಆ ಪಟ್ಟಿಯ ಆರು ಫೋಟೋಗಳು ಒಂದು ಬಿಟ್ಟೂ ಬಿಡದೆ ಟಿಫ್‌ನಲ್ಲಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿವೆ.